ದೋಣಿಯ ಹಿಡಿ

ಲೋ ತಮ್ಮಾ,

ಅಪ್ಪನನ್ನ ಆಸ್ಪತ್ರೆಯಿಂದ ಕರ್ಕೊಂಡು ಬರೋಕೆ ಹೊರಟೆ. ಸಂಜೆ ನಾವು ಬರೋಷ್ಟರಲ್ಲಿ ದೋಣಿಯ ಸ್ಟೀಲ್ ಹಿಡಿ ಬಿಚ್ಚಿ ಬಚ್ಚಲುಮನೆ ಗೋಡೆಗೆ ಹಾಕಿರು. ಅಂಗಡಿಯ ಹಿಡಿ ನಂಬಿ ಎದ್ದು ನಿಲ್ಲೋಕೆ ಅವರಿಗೆ ಧೈರ್ಯ ಇಲ್ಲವಂತೆ.

ಬರೀ ಸ್ಕ್ರೂ ತೆಗೆದರೆ ಅದು ಬರಲ್ಲ. ಅದನ್ನ ದೋಣಿಗೆ ಕೂರಿಸುವಾಗ ಅಪ್ಪ "ಒಂದು ಗೆರೆ ಅಂಟು ಎಳಿ ಸಾಕು" ಅಂದಿದ್ದಕ್ಕೆ ನೀನು ಇಡೀ ಟ್ಯೂಬು ಹಿಂಡಿದ್ದೆಯಲ್ಲ, ಈಗ ಅನುಭವಿಸು. ಸುತ್ತಿಗೆ, ಉಳಿ ಮುಟ್ಟಿದೆಯೋ, ನೋಡು! ದೋಣಿಯ ಫೈಬರ್ ಮೈ ಸೀಳಿದರೆ ಅಪ್ಪನಿಗೆ ಕಿಟಕಿಯಿಂದಲೇ ಕಾಣುತ್ತೆ. ನನ್ನ ಹೇರ್ ಡ್ರೈಯರಿನಿಂದ ಅಂಟನ್ನ ಚೆನ್ನಾಗಿ ಬಿಸಿ ಮಾಡು. ಆಮೇಲೆ ಗಾಳದ ದಾರ ಹಿಡಿಯ ಅಡಿಗೆ ತೂರಿಸಿ, ಗರಗಸದ ಹಾಗೆ ಆಚೆ ಈಚೆ ಎಳೀತಾ ಹೋಗು. ಕೈಗೆ ಬಟ್ಟೆ ಸುತ್ತಿಕೋ, ಕುಯ್ದುಕೊಂಡೀಯ. "ನಾನು ಹೋದರೂ ಇದು ಅಲ್ಲಾಡಲ್ಲ ಬಿಡು" ಅಂತ ಅಪ್ಪ ಆಗ ನಕ್ಕಿದ್ದರು, ನೆನಪಿದೆಯಾ?

ಫ್ರಿಜ್ಜಲ್ಲಿ ಅನ್ನ ಇದೆ, ತಿಂದೇ ಕೆಲಸಕ್ಕೆ ಇಳಿ.

ಇನ್ನೊಂದು. ಗೋಡೆಗೆ ಹಾಕುವಾಗ ಅಂಟು ಮುಟ್ಟಬೇಡ, ಸ್ಕ್ರೂ ಸಾಕು. ನಿನ್ನೆ ಡಾಕ್ಟರು ನನ್ನನ್ನ ಪಕ್ಕಕ್ಕೆ ಕರೆದು ಮಾತಾಡಿದರು. ಆ ಹಿಡೀನ ಮತ್ತೆ ಬಿಚ್ಚಬೇಕಾದವರು ನಾವೇ ಕಣೋ. ಅವತ್ತು ಅದಾದರೂ ಸುಲಭವಾಗಿ ಬರಲಿ.

ಅಕ್ಕ