ಅಪ್ಪನ ಟ್ಯೂಬಿನ ಜೊಲ್ಲು

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ತಮ್ಮನಿಗೆ,

ಪ್ರೀತಿ ಅಂತ ಬರೆದದ್ದು ಅಭ್ಯಾಸಬಲ, ಹಿಗ್ಗಬೇಡ. ಹೇಗಿದ್ದೀಯ? ಲಿಫ್ಟ್ ರಿಪೇರಿ ಅಂತ ಊರೂರು ಅಲೆಯೋನಿಗೆ ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಆಗ್ತಿದೆಯಾ? ಒಂಬತ್ತು ದಿನದಿಂದ ನೀನು ನನ್ನ ಫೋನ್ ಎತ್ತಿಲ್ಲ, ಅದಕ್ಕೇ ಈ ಕಾಗದ. ಅಪ್ಪ ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ, ಅದಕ್ಕೆ ಕಾರಣ ನೀನು.

ನನ್ನ ಲ್ಯಾಬಿನ ಕೆಲಸ ನಿನಗೆ ಯಾವತ್ತೂ ತಮಾಷೆಯೇ. ಅಕ್ಕ ಎಂಜಲು ಬಳಿಯೋಕೆ ಹೋಗ್ತಾಳೆ ಅಂತ ನೆಂಟರ ಮುಂದೆ ಆಡಿಕೊಂಡವನು ನೀನು. ಈಗಲಾದರೂ ಕೇಳು. ಒಸಡಿಗೆ ರೋಗ ಹೊಕ್ಕರೆ ಮೈ ಕೈಕಟ್ಟಿ ಕೂರಲ್ಲ, ಹೋರಾಟಕ್ಕೆ ಇಳಿಯುತ್ತೆ. ಆ ಹೋರಾಟದಲ್ಲಿ ಹುಟ್ಟೋ ಕೆಲವು ಪ್ರೋಟೀನುಗಳು ಜೊಲ್ಲಿಗೆ ಸೇರುತ್ತವೆ, ನಾವು ಅದನ್ನ ಅಳೀತೀವಿ. ಪುಟ್ಟ ಗುಳಿಗಳಿರೋ ತಟ್ಟೆಯಲ್ಲಿ ಹಳದಿ ಬಣ್ಣ ಎಷ್ಟು ಗಾಢವೋ ಬಾಯೊಳಗಿನ ಜಗಳ ಅಷ್ಟು ಜೋರು. ಹೋಲಿಸಿ ನೋಡೋಕೆ ಎಪ್ಪತ್ತು ದಾಟಿಯೂ ಹಲ್ಲು, ಒಸಡು ಗಟ್ಟಿಯಿರೋರು ಬೇಕಿತ್ತು. ನಮ್ಮಪ್ಪನಿಗಿಂತ ಯಾರು ಸಿಗ್ತಾರೆ ಅಂತ ನಾನೇ ಹೆಮ್ಮೆಯಿಂದ ಹೆಸರು ಬರೆಸಿದೆ. ಕರ್ಕೊಂಡು ಬರೋ ಕೆಲಸ ಮಾತ್ರ ನಿನಗೆ ಕೊಟ್ಟೆ, ನನ್ನ ಬುದ್ಧಿಗಿಷ್ಟು.

ಇಡೀ ತಟ್ಟೆಯಲ್ಲಿ ಅಪ್ಪನ ಗುಳಿಯೇ ಎಲ್ಲಕ್ಕಿಂತ ಗಾಢ. ಡಾಕ್ಟರ್ ಮೇಡಂ ಅಪ್ಪನನ್ನ ಮೂರು ಸಲ ಕುರ್ಚಿಗೆ ಒರಗಿಸಿ, ಒಂದೊಂದು ಹಲ್ಲಿನ ಸುತ್ತ ಕಡ್ಡಿ ಚುಚ್ಚಿ ನೋಡಿದರು. ಏನೂ ಸಿಗಲಿಲ್ಲ. ಪಾಪ, ಅಪ್ಪ ತನಗೇನೋ ದೊಡ್ಡ ಕಾಯಿಲೆ ಅಂದ್ಕೊಂಡು ಗಂಜಿ ಕುಡಿಯೋಕೆ ಶುರು ಮಾಡಿದರು. ಬಾಯಿ ಸರಿಯಿದೆ, ಜೊಲ್ಲು ಸರಿಯಿಲ್ಲ, ಹಾಗಾದರೆ ಟ್ಯೂಬಿಗೆ ಹೆಸರಿನ ಚೀಟಿ ಅಂಟಿಸಿದವಳೇ ಅದಲುಬದಲು ಮಾಡಿದ್ದಾಳೆ ಅಂತಾಯಿತು. ಹನ್ನೊಂದು ವರ್ಷದಲ್ಲಿ ಒಂದು ಚೀಟಿಯನ್ನೂ ತಪ್ಪಾಗಿ ಅಂಟಿಸಿಲ್ಲ ಕಣೋ ನಾನು. ಈಗ ನಾನು ಮುಟ್ಟಿದ ಟ್ಯೂಬುಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದಾರೆ. ನನಗೆ ಸೀಸೆ ತೊಳೆಯೋ ಕೆಲಸ. ನಿನ್ನೆ ಮೊನ್ನೆ ಸೇರಿದ ಹುಡುಗಿಯರು ನನ್ನನ್ನ ನೋಡಿ ಮಾತು ನಿಲ್ಲಿಸ್ತಾರೆ.

ಕೊನೆಗೆ ಅಪ್ಪನೇ ಬಾಯಿಬಿಟ್ಟರು. "ಅಷ್ಟು ಜನರ ಎದುರು ಜೊಲ್ಲು ಸುರಿಸೋಕೆ ನಾಚಿಕೆಯಾಯ್ತು ಪುಟ್ಟಿ, ಅವನೇ ತುಂಬಿಸಿಕೊಟ್ಟ." ಹತ್ತು ನಿಮಿಷ ತಲೆ ತಗ್ಗಿಸಿ ಕೂತರೆ ತಾನಾಗೇ ಇಳಿಯುತ್ತೆ. ಅಷ್ಟು ಕಾಯೋಕೆ ನಿನಗೆ ಪುರುಸೊತ್ತಿಲ್ಲ, ಬಸ್ಸು ತಪ್ಪುತ್ತೆ. ಮೆಟ್ಟಿಲ ಹತ್ತಿರ ನಿಂತು ಅಪ್ಪನ ಟ್ಯೂಬಿಗೆ ನೀನು ಉಗುಳಿ, ಯಾರದಾದರೇನು ಎಲ್ಲಾ ಒಂದೇ ನೀರು ಅಂದೆಯಂತೆ. ಕೇಳಿದ ಕೂಡಲೇ ಹೋಗಿ ಮೇಡಂಗೆ ಹೇಳಿದೆ. ಅಪ್ಪನ ಮಾತು ಸಾಲಲ್ಲ, ಮಗಳನ್ನ ಉಳಿಸೋಕೆ ಹೇಳ್ತಿದ್ದಾರೆ ಅಂತಾರೆ. ನೀನು ನಿನ್ನ ಕೈಯಾರೆ ನಡೆದದ್ದು ನಡೆದ ಹಾಗೆ ಬರೆದು ಸಹಿ ಹಾಕಿ ಕಳಿಸು. ಇಲ್ಲದಿದ್ದರೆ ಈ ತಿಂಗಳ ಕೊನೆಗೆ ನನ್ನ ಕೆಲಸ ಹೋಯಿತು ಅಂತಲೇ ತಿಳ್ಕೋ.

ಅಪ್ಪ ಆಶೀರ್ವಾದ ತಿಳಿಸೋಕೆ ಹೇಳಿದ್ದಾರೆ, ತಿಳಿಸಿದ್ದೀನಿ. ನನ್ನದು ಸದ್ಯಕ್ಕಿಲ್ಲ.

ಸಿಟ್ಟಿನಲ್ಲಿರೋ,
ನಿನ್ನ ಅಕ್ಕ

ತಾ.ಕ. (ಸೋಮವಾರ): ಅಂಟಿಸಿದ ಲಕೋಟೆ ಹರಿದು ಬರೀತಿದ್ದೀನಿ. ನನ್ನ ಗೋಳಿನಲ್ಲಿ ಮುಖ್ಯವಾದದ್ದೇ ತಲೆಗೆ ಹೊಳೆದಿರಲಿಲ್ಲ. ಶುಕ್ರವಾರ ಬಾಗಿಲು ಹಾಕಿ ಅಪ್ಪನದೇ ಜೊಲ್ಲು ತಗೊಂಡೆವು, ಬಣ್ಣವೇ ಏರಲಿಲ್ಲ. ಅಂದರೆ ಆ ಗಾಢ ಹಳದಿ ನಿನ್ನದು ಕಣೋ. ನೋವಿಲ್ಲ ಅಂತ ಸುಮ್ಮನಿರಬೇಡ, ಈ ರೋಗ ನೋಯಿಸದೇ ಹಲ್ಲು ಸಡಿಲಿಸುತ್ತೆ. ನಿನಗಿನ್ನೂ ಮೂವತ್ತಾರು. ಗುರುವಾರ ಹತ್ತು ಗಂಟೆಗೆ ನೋಡ್ತೀನಿ ಅಂತ ಮೇಡಂ ಒಪ್ಪಿದ್ದಾರೆ, ಈ ಮುಖ ಇಟ್ಕೊಂಡೇ ಹೋಗಿ ಕೇಳಿದೆ. ನನ್ನ ಪರವಾಗಿ ನೀನು ಒಂದಕ್ಷರ ಬರೆಯದಿದ್ದರೂ ಬೇಡ, ಬಾ.