ಉಲ್ಟಾ ತಂತಿ

ಏಪ್ರಿಲ್ 9, 1996 — ಭೀಮರಾಯನಗುಡಿ ಕ್ಯಾಂಪು

ದಿನಾ ಆಫೀಸಿನಾಗ ಕಾಲುವಿ ಎಸ್ಟಿಮೇಟ್ ಟೈಪ್ ಮಾಡಿ ಮಾಡಿ ಬೆರಳು ಸೆಟದಾವ. ಮನಿಗಿ ಬಂದು ನಮ್ಮ ಮನಿಯವರ ಎಡಗೈಗಿ ಎಣ್ಣಿ ತಿಕ್ಕಿದೆ. ಲಕ್ವಾ ಹೊಡೆದಾಗಿಂದ ಆ ಕೈ ಏಳಂಗಿಲ್ಲ. ಮಾತು ತುಸು ತೊದಲು, ಬುದ್ಧಿ ಮೊದಲಿನಂಗೇ ಚುರುಕು. ಅದೇ ಕಷ್ಟ.

ಇವರ ತಮ್ಮ ಹಂಪಣ್ಣ ಬಂದಿದ್ದ. ಇನ್ನ ಬಾರಿಸಾಕ ಆಗಂಗಿಲ್ಲ, ನನ್ನ ಗಿಟಾರ ಒಯ್ದುಬಿಡು ಅಂದ್ರು ಇವರು ಅವಗ. ಮದುವಿಗಿಂತ ಮೊದಲು ಸಿಕಂದರಾಬಾದಿನ ಹಳೀ ಸಾಮಾನಿನ ಅಂಗಡ್ಯಾಗ ತಂದದ್ದು, ಇವರಿಗಿಂತ ವಯಸ್ಸಾದದ್ದು. ತಂತಿ ಹಿಡಿಯೋ ಕಟ್ಟಿಗಿ ಪಟ್ಟಿ, ಬ್ರಿಜ್ ಅಂತಾರ, ಬಿಸಲಿಗಿ ಎದ್ದದ. ರಿಪೇರಿ ಮಾಡಿ ಕಳಸ್ತೀನಿ ಅಂತ ಹಂಪಣ್ಣಗ ಸುಳ್ಳು ಹೇಳಿ ಇಟ್ಕೊಂಡೆ.

ಏಪ್ರಿಲ್ 14, ಐತವಾರ

ಕ್ಯಾಂಪಿನವರೆಲ್ಲ ಜಯಂತಿ ಮೆರವಣಿಗಿಗಿ ಹೋಗಿದ್ರು. ಫೆವಿಕಾಲ್ ಹಚ್ಚಿ, ಬ್ರಿಜ್ ಮ್ಯಾಲ ರುಬ್ಬೋ ಗುಂಡು ಇಟ್ಟೆ. ಇವರು ಮಂಚದ ಮ್ಯಾಲಿಂದ ನೋಡಿದ್ರು.

ಏಪ್ರಿಲ್ 16

ತಂತಿ ಬಿಗಿದೆ. ಬ್ರಿಜ್ ಢಮ್ ಅಂತ ಕಿತ್ತು ಬಂತು. ಜೋಡಿಗಿ ಮ್ಯಾಲಿನ ಕಟ್ಟಿಗಿದೂ ಒಂದು ಸಿಬರು. ಅತ್ತಿ ಅಡಗಿ ಮನ್ಯಾಗಿಂದ ಓಡಿ ಬಂದ್ರು. ಇವರು ಗ್ವಾಡಿ ಕಡಿ ಮುಖ ಮಾಡಿದ್ರು. ಹೆಗಲು ಅಲುಗಾಡತಿತ್ತು. ಮುಟ್ಟೋ ಧೈರ್ಯ ಆಗಲಿಲ್ಲ...

ಏಪ್ರಿಲ್ 28

ಶಹಾಪುರಕ್ಕ ಹೋದೆ. ಬಡಿಗಿ ಉಸ್ಮಾನಸಾಬ ಕಾಸಿ ಹಚ್ಚೋ ಅಂಟು ಕೊಟ್ಟ, ಬಿಗಿಯಾಕ ಕ್ಲ್ಯಾಂಪೂ ಕೊಟ್ಟ.

ಮನಿಯೊಳಗ ಅಂಟು ಕಾಸಾಕತ್ತಿದ್ದೆ. ಮಂಚದ ಮ್ಯಾಲಿಂದ ಇವರ ಧ್ವನಿ.

"ಹಳೀ ಅಂಟು ಕೆರೀಲಿಲ್ಲ ನೀ. ಅದಕ್ಕ ಎದ್ದದ್ದು."

ಎಷ್ಟೋ ದಿನಕ್ಕ ತಾವಾಗೇ ಮಾತಾಡಿದ್ರು. ಚಾಕು ಬಿಸಿ ಮಾಡಿ ಕೆರದೆ. ಸಿಬರು ಇದ್ದಲ್ಲೇ ಕೂಡಿಸಿದೆ. ತೋರಸು ಅಂದ್ರು, ತೋರಿಸಿದೆ. ಇನ್ನಾ ಕೆರಿ ಅಂದ್ರು.

ಮೇ 6

ಬ್ರಿಜ್ ಗಟ್ಟಿ ಕೂತದ. ಖುಷಿಲೆ ಇವರ ಮುಂದ ಹಿಡದೆ. "ಚಂದ ಆಗ್ಯದ. ಬಾರಿಸೋರು ಯಾರು?" ಅಂದ್ರು.

ತಡೀಲಾರದ ಹೇಳಿಬಿಟ್ಟೆ — ತಂತಿ ಉಲ್ಟಾ ಹಾಕೋಣ್ರಿ, ಎಡಗೈ ಒತ್ತೋದನ್ನ ನೀವು ಬಲಗೈಲೆ ಒತ್ತರಿ, ನಾ ಮೀಟ್ತೀನಿ.

"ನಾ ಏನು ಗೊಂಬಿ ಏನು?"

ಊಟದ ತಾಟು ಎಸದ್ರು. ಬಾಗಿಲಿಗಿ ಬಡದು ಬಿತ್ತು.

ಮೇ 20

ಬರಿಯಾಕ ಮನಸಿಲ್ಲ. ಇವರು ಅತ್ತಿ ಬಡಿಸಿದ್ರಷ್ಟೇ ಉಣ್ತಾರ. ನನ್ನ ಕೈಲೆ ಬ್ಯಾಡಂತ.

ಮೇ 26

ಇವರನ್ನ ಕೇಳದೇ ತಂತಿ ಉಲ್ಟಾ ಹಾಕೋ ಕೆಲಸ ಸುರು ಮಾಡಿದೆ. ಗಿಟಾರದ ತಲಿ ಕಡಿ ತಂತಿ ಕೂಡೋ ಪಟ್ಟಿ ಹೊಸದು ಬೇಕು, ದಪ್ಪ ತಂತಿ ಕೂಡೋ ಗೀರು ಈಗ ಆ ಕಡಿ ಬರಬೇಕಲ್ಲ. ಉಸ್ಮಾನಸಾಬ ಎಲುಬಿನ ಎರಡು ತುಂಡು ಕೊಟ್ಟಾನ. ಎಲುಬು ಒಳಗ ತರಬ್ಯಾಡ ಅಂದ್ರು ಅತ್ತಿ. ಹಿತ್ತಲದಾಗ ಒಗೆಯೋ ಕಲ್ಲಿನ ಮ್ಯಾಲ ಕೂತು ಅರ ತಿಕ್ಕಿದೆ. ಗೀರು ಆಳ ಆಗಿ ಒಂದು ಕೆಟ್ಟಿತು. ಇನ್ನೊಂದು ತಿಕ್ಕಿದೆ.

ಕಿಡಕ್ಯಾಗಿಂದ ಇವರು ನೋಡಾಕತ್ತಿದ್ರು. ನಾ ತಿರುಗಿದ್ರ ಮುಖ ತಿರುವಿದ್ರು.

ಜೂನ್ 2, ಐತವಾರ

ತಂತಿ ಉಲ್ಟಾ ಬಿಗಿದಿಟ್ಟಿದ್ದೆ. ಗಿಟಾರ ತಾ ಅಂತ ಇವರೇ ಅಂದ್ರು.

ಗಿಟಾರದ ಕುತ್ತಿಗಿ ಇವರ ಬಲಕ್ಕ. ನಾ ಎಡಕ್ಕ ಒತ್ತಿ ಕೂತೆ. ಒತ್ತಿದ್ರು, ಮೀಟಿದೆ. ಭರ್ರ್ ಅಂತು. ಮತ್ತ. ಮತ್ತೂ ಕೆಟ್ಟದಾಗಿ. ಆ ಬೆರಳಿಗಿ ಈ ಕೆಲಸ ಗೊತ್ತಿಲ್ಲ. ತುದಿ ಕೆಂಪಾದ್ವು. ಸಾಕು ಅಂತಾರ ಅಂದ್ಕೊಂಡೆ.

"ಗಡಬಡಿ ಮಾಡ್ತಿ ನೀ. ನಾ ಒತ್ತೋತನ ತಡಿ."

ತಡದೆ. ಒಮ್ಮೆ, ಒಂದೇ ಒಮ್ಮೆ, ಎಲ್ಲಾ ತಂತಿ ಕೂಡಿ ಸಾಫ್ ಬಂದ್ವು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಜೂನ್ 4, ಸಂಜಿ

ಯಾದಗಿರಿಯಾಗ ಡಾಕ್ಟರು ಸಾಫ್ ಹೇಳಿದ್ರು, ಎಡಗೈ ಇನ್ನ ಬರಂಗಿಲ್ಲ. ಇವರು ಮನಿಗಿ ಬಂದು ಮಂಚದ ಮ್ಯಾಲ ಹಂಗೇ ಕೂತಾರ, ಚಪ್ಪಲಿ ಸೈತ ಬಿಚ್ಚಿಲ್ಲ. ಅಡಗಿ ಮನ್ಯಾಗ ಬಂದು ಇದನ್ನ ಬರಿಯಾಕ ಕೂತೀನಿ. ಅಳಬಾರದು ಅಂತ...

ಪಡಸಾಲ್ಯಾಗ ಸಪ್ಪಳ. ಟಕ್, ಟಕ್ — ತಂತಿ ಮ್ಯಾಲ ಬೆರಳು. ಒಬ್ಬರೇ ಒತ್ತಾಕತ್ತಾರ, ಮೀಟೋರಿಲ್ಲ.

"ಕಲ್ಯಾಣಿ" ಅಂತ ನನ್ನ ಕರದ್ರು.

ಬಂದೆ ಅಂ—