ಬುಧವಾರದ ಪ್ರಾರ್ಥನೆ

ಜಗಳೂರು,
೮-೮-೧೯೭೮

ಹೊನ್ನೂರಮ್ಮಕ್ಕನಿಗೆ ಪ್ರೇಮಮ್ಮನ ಸ್ತೋತ್ರ, ವಂದನೆ.

ಎದುರು ಮನೆಯವಳು ಕಾಗದ ಬರೆಯುವುದೇನು ಎಂದು ನಗಬೇಡಿ. ಬಾಯಿಬಿಟ್ಟರೆ ನನಗೆ ಸಿಟ್ಟು ನಿಲ್ಲುವುದಿಲ್ಲ, ಓಣಿಗೆಲ್ಲ ಕೇಳುತ್ತದೆ. ಒಬ್ಬರೇ ಇದ್ದಾಗ ಓದಿಕೊಳ್ಳಿ.

ನನ್ನ ಮಗಳು ಸುಗುಣ ಬಿಳಿಚೋಡಿನಲ್ಲಿ ನರ್ಸಮ್ಮನಾಗಿದ್ದಾಗ, ಸಾಯಂಕಾಲ ಯಾರೋ ಗಂಡಸಿನ ಬಾಡಿಗೆ ರೂಮಿಗೆ ಹೋಗಿ ಬರುವುದನ್ನು ಬಳೆ ಮಾರುವ ಗಿಡ್ಡಮ್ಮ ಕಂಡಳು. ನಿಮಗೆ ಹೇಳಿದಳು. ನೀವು ರಸ್ತೆ ದಾಟಿ ಬಂದು ನನ್ನನ್ನೇ ಕೇಳಬಹುದಿತ್ತು. ತಪ್ಪು ಕಂಡರೆ ಆ ಮನುಷ್ಯ ಒಬ್ಬನೇ ಇದ್ದಾಗ ಹೋಗಿ ತಿಳಿಸಬೇಕು ಎಂದು ಯೇಸುಸ್ವಾಮಿ ಹೇಳಿದ್ದನ್ನು ನಮಗೆ ಕಲಿಸಿದವರೇ ನೀವು. ಆದರೆ ಬುಧವಾರದ ಹೆಂಗಸರ ಕೂಟದಲ್ಲಿ ಮೊಣಕಾಲೂರಿ, "ಕರ್ತನೇ, ಪ್ರೇಮಮ್ಮನ ಮಗಳು ದಾರಿ ತಪ್ಪ್ಯಾಳೆ, ನೀನೇ ಕೈ ಹಿಡ್ದು ಕರ್ಕಂಡು ಬಾ" ಎಂದು ಕಣ್ಣೀರು ಹಾಕಿದಿರಿ. ಎಲ್ಲರೂ ಆಮೆನ್ ಅಂದರು. ನಾನು ಅಲ್ಲೇ ಕೂತಿದ್ದೆ. ಚಾಡಿಯಾಗಿದ್ದರೆ ಎದ್ದು ಬೈಯುತ್ತಿದ್ದೆ, ಪ್ರಾರ್ಥನೆಗೆ ಅಡ್ಡ ಬಾಯಿ ಹಾಕುವುದು ಹೇಗೆ?

ಮುಂದಿನ ವಾರ ಹೊನ್ನಾಳಿ ಸಭೆಯ ಹೆಂಗಸರೂ ಅವಳಿಗಾಗಿ ಪ್ರಾರ್ಥಿಸಿದರಂತೆ. ಸುದ್ದಿ ಚನ್ನಗಿರಿ ಮುಟ್ಟುವಷ್ಟರಲ್ಲಿ ಜನರ ಬಾಯಲ್ಲಿ ಮಗಳು ಬಸಿರಾಗಿದ್ದಳು! ಅಲ್ಲಿ ಅವಳಿಗೆ ಗೊತ್ತು ಮಾಡಿದ್ದ ಗಂಡಿನ ಕಡೆಯವರು ಮದುವೆ ಮುರಿದರು. ಅವರೂ ನಮಗಾಗಿ ಪ್ರಾರ್ಥಿಸುತ್ತಾರಂತೆ.

ಆ ರೂಮಿನಲ್ಲಿ ಯಾರಿದ್ದರು ಎಂದು ಸುಗುಣಳನ್ನು ಕೇಳಿದೆ. ರೋಗಿ ಎಂದಳು. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಾಳಂತೆ. ಮದುವೆ ಮುರಿದ ದಿನವೂ ಬಾಯಿಬಿಡಲಿಲ್ಲ. ಕೊನೆಗೆ ತಾನೇ ವರ್ಗ ಕೇಳಿಕೊಂಡು ನ್ಯಾಮತಿ ಕಡೆ ಹೊರಟುಹೋದಳು. ನನ್ನ ಹೊಟ್ಟೆ ಉರಿಯುತ್ತಿದೆ, ಅಕ್ಕ.

ಕೂಟದಲ್ಲಿ ಎದ್ದು ನಿಂತು ಕ್ಷಮೆ ಕೇಳಬೇಡಿ, ಅವಳ ಹೆಸರು ಇನ್ನೊಂದು ಸುತ್ತು ಊರೂರು ತಿರುಗುತ್ತದೆ. ಕ್ಷಮಿಸಬೇಕೆಂದು ನನಗೂ ಗೊತ್ತು. ಇನ್ನೂ ಆಗಿಲ್ಲ.

ಇಂತಿ,
ನಿಮ್ಮ ಎದುರು ಮನೆಯ
ಪ್ರೇಮಮ್ಮ

ವಿ.ಸೂ.: ಮೇಲಿನದ್ದನ್ನು ಮೊನ್ನೆ ಬರೆದು, ಕೊಡಲು ಮನಸ್ಸಾಗದೆ ಇಟ್ಟುಕೊಂಡಿದ್ದೆ. ನಿನ್ನೆ ನೀವು ಸಂತೆಗೆ ಹೋಗಿದ್ದಾಗ ಆ ರೋಗಿಯೇ ನನ್ನ ಬಾಗಿಲಿಗೆ ಬಂದ. ಬಿಳಿಚೋಡಿನ ಎಣ್ಣೆ ಗಿರಣಿಯಲ್ಲಿ ಕೆಲಸಕ್ಕಿರುವ ನಿಮ್ಮ ಮಗ ಸೀಮೋನ. ಅವನಿಗೆ ಟಿ.ಬಿ. ಗಿರಣಿಯವರಿಗೆ ತಿಳಿದರೆ ಕೆಲಸ ಹೋಗುತ್ತದೆಂದು ಹೆದರಿ ಸುಗುಣಳ ಹತ್ತಿರ ರೂಮಿನಲ್ಲೇ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದ. ಅವಳು ಹೋದ ಮೇಲೆ ಅದು ನಿಂತಿದೆ. ಈಗ ಕೆಮ್ಮಿದರೆ ರಕ್ತ ಬರುತ್ತಿದೆ. ಅವ್ವನಿಗಾದರೂ ಹೇಳಬಾರದೇನೋ ಎಂದೆ. "ಅವ್ವಗೆ ಹೇಳಿದ್ರೆ ಬುಧವಾರ ಪ್ರಾರ್ಥನೆ ಮಾಡಿಬಿಡ್ತಾಳೆ ಚಿಕ್ಕಮ್ಮ" ಎಂದ. ಅವನನ್ನು ಒಪ್ಪಿಸಿಯೇ ಬರೆಯುತ್ತಿದ್ದೇನೆ. ನಾಳೆ ಮೊದಲನೇ ಬಸ್ಸಿಗೆ ಅವನನ್ನು ದಾವಣಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೀವೆಲ್ಲಿಗೆ ಹೋದಿರೆಂದು ಯಾರು ಕೇಳಿದರೂ ನನಗೆ ಗೊತ್ತಿಲ್ಲ.